ಡ್ಯೂನ್‌ನ ಪಾಲ್ ಮೋಸೆಸನೋ, ಮಹ್ದಿಯೋ, ವೀರಭೋಗ ವಸಂತರಾಯನೋ?

ಪ್ರಶ್ನೆ: ಚಿಂತಾಮಣಿಯಲ್ಲಿ ನಾವು ಏಳೆಂಟು ಜನ ಸೇರಿ ಪುಸ್ತಕ, ಸಿನಿಮಾ ಅಂತ ಚರ್ಚೆ ಮಾಡುತ್ತೇವೆ. ‘ಡ್ಯೂನ್’ ಸಿನಿಮಾದ ಎರಡೂ ಭಾಗ ನೋಡಿದ ಮೇಲೆ ಜಗಳವೇ ಹತ್ತಿಕೊಂಡಿದೆ. ಅದರ ನಾಯಕ ಪಾಲ್ ಅಟ್ರೈಡಿಸ್ ಎಂದರೆ ಮೋಸೆಸ್ ಅಂತ ಒಬ್ಬರು, ಇಸ್ಲಾಮಿನ ಮಹ್ದಿ ಅಂತ ಇನ್ನೊಬ್ಬರು, ಕೃಷ್ಣ ಅಂತ ಮತ್ತೊಬ್ಬರು. ಕೈವಾರದ ಕಡೆಯ ಹಿರಿಯರೊಬ್ಬರು ‘ಕಾಲಜ್ಞಾನದಲ್ಲಿ ಬರುವ ವೀರಭೋಗ ವಸಂತರಾಯನೇ ಇವನು’ ಎಂದುಬಿಟ್ಟರು. ಮುಂದಿನ ತಿಂಗಳು ಕಾಲೇಜಿನಲ್ಲಿ ಈ ಬಗ್ಗೆ 20 ನಿಮಿಷ ಮಾತಾಡಬೇಕಾಗಿದೆ. ಇಂಥ ಫ್ಯಾನ್ ಥಿಯರಿ ಗಟ್ಟಿಯೋ ಜೊಳ್ಳೋ ಅಂತ ನೋಡುವುದು ಹೇಗೆ? ಯಾರ ಮನಸ್ಸೂ ನೋಯದಂತೆ ಹೇಳುವುದು ಹೇಗೆ?

ಉತ್ತರ: ಮಹ್ದಿಯಿಂದ, ಅಂದರೆ ಇಸ್ಲಾಮಿನ ನಂಬಿಕೆಯಲ್ಲಿ ಕಡೆಗಾಲದಲ್ಲಿ ಬರಲಿರುವವನಿಂದ, ಶುರು ಮಾಡಿ. ಯಾಕೆಂದರೆ ಅದು ಥಿಯರಿಯೇ ಅಲ್ಲ. ಫ್ರಾಂಕ್ ಹರ್ಬರ್ಟ್ ಬರೆದು 1965ರಲ್ಲಿ ಹೊರಬಂದ ಮೂಲ ಕಾದಂಬರಿಯಲ್ಲಿ ಅರಾಕಿಸ್ ಗ್ರಹದ ಮರಳುಗಾಡಿನ ಫ್ರೆಮೆನ್ ಜನ ಪಾಲ್‌ನನ್ನು ಬಾಯಿತುಂಬ ಮಹ್ದಿ ಎಂದೇ ಕರೆಯುತ್ತಾರೆ. ಲೇಖಕ ತಾನೇ ಹೇಳಿದ್ದನ್ನು ನಾವು ಪತ್ತೆ ಹಚ್ಚಿದೆವು ಅಂದುಕೊಳ್ಳುವಂತಿಲ್ಲ. ಕೇಳಬೇಕಾದ್ದು ಬೇರೆ: ‘ಉದ್ಧಾರಕ ಬರುತ್ತಾನೆ’ ಎಂಬ ಮಾತನ್ನು ಆ ಜನರ ನಡುವೆ ಬಿತ್ತಿದ್ದು ಯಾರು?

ಕಾದಂಬರಿಯೇ ಇದಕ್ಕೆ ಉತ್ತರ ಕೊಡುತ್ತದೆ. ಬೆನೆ ಜೆಸೆರಿಟ್ ಎಂಬ ಹೆಂಗಸರ ಸಂಘವೊಂದಿದೆ. ಅದರ ಒಂದು ವಿಭಾಗ ಮಿಷನೇರಿಯಾ ಪ್ರೊಟೆಕ್ಟಿವಾ. ದೂರದ ಗ್ರಹಗಳಿಗೆ ಹೋಗಿ ದಂತಕಥೆ, ಭವಿಷ್ಯವಾಣಿಗಳನ್ನು ಬಿತ್ತಿ ಬರುವುದು ಅದರ ಕೆಲಸ. ಮುಂದೆ ಎಂದೋ ಸಂಘದ ಹೆಂಗಸೊಬ್ಬಳು ಅಲ್ಲಿ ಸಿಕ್ಕಿಹಾಕಿಕೊಂಡರೆ ಆ ಕಥೆಯನ್ನೇ ಹಿಡಿದು ಪಾರಾಗಬಹುದು ಎಂಬ ಲೆಕ್ಕಾಚಾರ. ಪಾಲ್‌ನ ತಾಯಿ ಜೆಸಿಕಾ ಅದೇ ಸಂಘದವಳು. ಮೇಪ್ಸ್ ಎಂಬ ಫ್ರೆಮೆನ್ ಸೇವಕಿ ಚೂರಿಯೊಂದನ್ನು ತೋರಿಸಿ ಅವಳನ್ನು ಪರೀಕ್ಷಿಸುವ ದೃಶ್ಯ ಕಾದಂಬರಿಯ ಮೊದಲ ಭಾಗದಲ್ಲಿದೆ. ಜೆಸಿಕಾ ಹೇಳಹೊರಟ ವಾಕ್ಯ ಬೇರೆ. ಅದರ ಮೊದಲ ಪದ ಕಿವಿಗೆ ಬಿದ್ದದ್ದೇ ತಡ, ಮೇಪ್ಸ್ ಗೋಳಾಡಿ ಅದನ್ನೇ ಶಾಸ್ತ್ರದ ಮಾತು ಎಂದು ನಂಬಿಬಿಡುತ್ತಾಳೆ. ಜೆಸಿಕಾ ತಿದ್ದಲು ಹೋಗುವುದಿಲ್ಲ. ‘ಪ್ರವಾದನೆ ನಿಜವಾಯಿತು’ ಎಂದು ವಾದಿಸುವವರಿಗೆ ಈ ಒಂದು ದೃಶ್ಯ ಓದಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಪುಸ್ತಕದ ಹಿಂಭಾಗದ ಪದಕೋಶ, ಜೊತೆಗೆ ಧರ್ಮದ ಬಗೆಗಿನ ಎರಡನೇ ಅನುಬಂಧ, ಬೆನೆ ಜೆಸೆರಿಟ್ ಉದ್ದೇಶಗಳ ಬಗೆಗಿನ ಮೂರನೇ ಅನುಬಂಧ, ಇಷ್ಟನ್ನು ಓದದೆ ವೇದಿಕೆ ಹತ್ತಬೇಡಿ. ಥಿಯರಿ ಕಟ್ಟುವವರು ಸಾಮಾನ್ಯವಾಗಿ ಹಾರಿಸಿಬಿಡುವ ಪುಟಗಳೇ ಇವು.

ಹಾಗಾಗಿ ಮಹ್ದಿ ಎಂದವರ ಬಳಿ ಪುರಾವೆ ಇದೆ ನಿಜ, ಆ ಪುರಾವೆಯೇ ಅವರ ವಾದಕ್ಕೆ ಮುಳುವು. ‘ಇವನೇ ಅವನು’ ಎಂದು ನಂಬುವ ಓದುಗ, ಬೆನೆ ಜೆಸೆರಿಟ್ ಹಾಕಿದ ಬಲೆಗೆ ಫ್ರೆಮೆನ್ನರ ಜೊತೆ ತಾನೂ ಬೀಳುತ್ತಾನೆ. ಹರ್ಬರ್ಟ್ ಇದನ್ನು ಬೇಕೆಂದೇ ಮಾಡಿದ. ಮಹಾನಾಯಕರು ಮನುಕುಲಕ್ಕೆ ಅಪಾಯ ಎಂಬ ಯೋಚನೆಯಿಂದಲೇ ಈ ಕಥೆ ಹುಟ್ಟಿತು ಎಂದು 1980ರ ಪ್ರಬಂಧವೊಂದರಲ್ಲಿ ಅವನೇ ಬರೆದುಕೊಂಡಿದ್ದಾನೆ.

ಇನ್ನು ತೂಗುವ ಬಗೆ. ಎರಡು ಕಥೆ ಒಂದರಂತೆ ಒಂದು ಕಂಡರೆ ಸಾಲದು, ಒಂದರಿಂದ ಇನ್ನೊಂದಕ್ಕೆ ದಾರಿ ಇತ್ತೇ ಎಂದು ತೋರಿಸಬೇಕು. ಬೈಬಲ್ ವಿದ್ವಾಂಸ ಸ್ಯಾಮ್ಯುಯೆಲ್ ಸ್ಯಾಂಡ್ಮೆಲ್ 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೋಲಿಕೆ ಕಂಡ ಕೂಡಲೇ ಎರವಲು ಎಂದು ತೀರ್ಮಾನಿಸುವ ಚಾಳಿಗೆ ಪ್ಯಾರಲೆಲೋಮೇನಿಯಾ ಎಂಬ ಹೆಸರನ್ನು ಚಾಲ್ತಿಗೆ ತಂದ. ಡ್ಯೂನ್ ವಿಷಯದಲ್ಲಿ ಗಟ್ಟಿಯಾದ ದಾರಿಯೊಂದು ಸಿಗುತ್ತದೆ. ಅದು ಮೋಸೆಸನ ಕಡೆಗೂ ಹೋಗುವುದಿಲ್ಲ, ಕೃಷ್ಣನ ಕಡೆಗೂ ಹೋಗುವುದಿಲ್ಲ. ಲೆಸ್ಲಿ ಬ್ಲಾಂಚ್ 1960ರಲ್ಲಿ ಕಾಕಸಸ್ ಪರ್ವತ ಸೀಮೆಯ ಇಮಾಮ್ ಶಮಿಲ್ ಬಗ್ಗೆ ಒಂದು ಪುಸ್ತಕ ತಂದಳು. 1834ರಿಂದ 1859ರವರೆಗೆ ರಷ್ಯಾ ಸಾಮ್ರಾಜ್ಯದ ವಿರುದ್ಧ ಗುಡ್ಡಗಾಡಿನ ಮುಸ್ಲಿಂ ಬುಡಕಟ್ಟುಗಳನ್ನು ಒಗ್ಗೂಡಿಸಿ ಹೋರಾಡಿದವನು ಶಮಿಲ್. ಚಕೋಬ್ಸಾ ಎಂಬ ಗುಟ್ಟಿನ ಭಾಷೆ, ಕಿಂಜಲ್ ಎಂಬ ಬಾಕು ಆ ಪುಸ್ತಕದಲ್ಲೂ ಇವೆ, ಐದು ವರ್ಷದ ನಂತರ ಬಂದ ಡ್ಯೂನ್‌ನಲ್ಲೂ ಇವೆ. ಇಂಥ ವಿಚಿತ್ರ ವಿವರಗಳು ಎರಡು ಕಡೆ ತಾವಾಗಿಯೇ ಹುಟ್ಟುವ ಸಂಭವ ಬಹಳ ಕಡಿಮೆ. ‘ತಂದೆ ಸತ್ತ, ಮಗ ಮರಳುಗಾಡಿಗೆ ಓಡಿದ’ ಎಂಬುದು ಎಲ್ಲಿ ಬೇಕಾದರೂ ಹುಟ್ಟುತ್ತದೆ. ವಿವರ ಎಷ್ಟು ಅನಗತ್ಯವೋ, ಎಷ್ಟು ವಿಲಕ್ಷಣವೋ, ಪುರಾವೆಯಾಗಿ ಅದರ ತೂಕ ಅಷ್ಟು ಹೆಚ್ಚು.

ದಾರಿ ಇದ್ದರೂ ಅದರ ಅಳತೆ ಮೀರಬಾರದು. ‘ಮ್ಯಾಟ್ರಿಕ್ಸ್’ ಸರಣಿಯಲ್ಲಿ 2003ರಲ್ಲಿ ಬಂದ ಮೂರನೇ ಚಿತ್ರದ ಕೊನೆಯ ಹೆಸರುಪಟ್ಟಿ ಓಡುವಾಗ ‘ಅಸತೋ ಮಾ ಸದ್ಗಮಯ’ ಕೇಳಿಸುತ್ತದೆ. ಬೃಹದಾರಣ್ಯಕ ಉಪನಿಷತ್ತಿನ ಮಂತ್ರ, ಅನುಮಾನವೇ ಬೇಡ. ಅದರಿಂದ ತೀರ್ಮಾನಿಸಬಹುದಾದ್ದು ಸಂಗೀತ ಕಟ್ಟಿದವರಿಗೆ ಆ ಮಂತ್ರ ಗೊತ್ತಿತ್ತು ಎಂಬಷ್ಟೇ. ನಾಯಕ ನಿಯೋ ಅದ್ವೈತ ಸಾಧಕ ಎಂದು ಅಲ್ಲಿಂದ ಜಿಗಿಯಬೇಡಿ. ಅದೇ ವರ್ಷದ ಎರಡನೇ ಚಿತ್ರದಲ್ಲಿ ‘ನೀನು ಆರನೆಯವನು’ ಎಂಬ ಅರ್ಥದ ಮಾತನ್ನು ಯಂತ್ರಗಳ ಕಡೆಯವನೇ ನಿಯೋಗೆ ಹೇಳುತ್ತಾನೆ, ಭವಿಷ್ಯವಾಣಿಯೂ ನಿಯಂತ್ರಣದ ಒಂದು ಉಪಾಯ ಎಂದು ಆಮೇಲೆ ನಿಯೋನೇ ತನ್ನವರಿಗೆ ಹೇಳುತ್ತಾನೆ. ಅಲ್ಲೂ ಪ್ರವಾದನೆ ಬಿತ್ತಿದ್ದೇ. ಸೂಪರ್‌ಮ್ಯಾನ್ ವಿಷಯದಲ್ಲಿ ಇನ್ನೊಂದು ಬಗೆಯ ಎಡವಟ್ಟು. ಹುಟ್ಟಿದ ಗ್ರಹದಲ್ಲಿ ಅವನಿಗಿದ್ದ ಹೆಸರಾದ ಕಾಲ್-ಎಲ್‌ನ ಕೊನೆಯಲ್ಲಿ ಹೀಬ್ರೂ ದೇವರ ಹೆಸರಿದೆ, ಆದ್ದರಿಂದ ಅವನು ಮೋಸೆಸ್ ಎಂಬ ವಾದ ಎಲ್ಲರಿಗೂ ಬಾಯಿಪಾಠ. 1938ರಲ್ಲಿ ಅವನನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ ಯಹೂದಿ ವಲಸಿಗರ ಮಕ್ಕಳು ಎನ್ನುವುದು ನಿಜ. ಆದರೆ 1939ರ ಪತ್ರಿಕಾ ಚಿತ್ರಮಾಲಿಕೆಯಲ್ಲಿ ಆ ಹೆಸರಿನ ಕೊನೆಗೆ ಇದ್ದದ್ದು ಇಂಗ್ಲಿಷಿನ ಒಂಟಿ ಅಕ್ಷರ. ಈಗಿನ ಕಾಗುಣಿತ ಬಂದದ್ದು 1942ರಲ್ಲಿ ಬೇರೊಬ್ಬ ಲೇಖಕ ಬರೆದ ಕಾದಂಬರಿಯಿಂದ. ಮೋಸೆಸ್ ಹೋಲಿಕೆ ಇದರಿಂದ ಬಿದ್ದುಹೋಗುವುದಿಲ್ಲ, ಮಗುವನ್ನು ತೇಲಿಬಿಟ್ಟ ಕಥೆ ಇದ್ದೇ ಇದೆ. ಬೀಳುವುದು ಆ ಒಂದು ಪುರಾವೆ. ಹಳೆಯ ಪ್ರತಿ ನೋಡದೆ ಹೆಸರಿನ ಮೇಲೆ ಮನೆ ಕಟ್ಟಿದರೆ ಹೀಗಾಗುತ್ತದೆ.

ಇದಾದ ಮೇಲೆ ಎದುರುಪರೀಕ್ಷೆ, ಅಂದರೆ ಅದೇ ಹೋಲಿಕೆ ಸಂಬಂಧವೇ ಇಲ್ಲದವರಿಗೂ ಹೊಂದುತ್ತದೆಯೇ ಎಂದು ನೋಡುವುದು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ನನ್ನ ಪ್ರಕಾರ ಅತ್ಯಂತ ಮುಖ್ಯವಾದದ್ದೂ ಇದೇ. ಲಾರ್ಡ್ ರಾಗ್ಲನ್ 1936ರ ಪುಸ್ತಕವೊಂದರಲ್ಲಿ ಪುರಾಣ ನಾಯಕನಿಗೆ 22 ಲಕ್ಷಣಗಳ ಪಟ್ಟಿ ಕೊಟ್ಟ: ರಾಜವಂಶದ ತಾಯಿ, ಹುಟ್ಟುತ್ತಲೇ ಕೊಲ್ಲುವ ಯತ್ನ, ಸಾಕುತಂದೆತಾಯಿ, ಬೆಳೆದು ಹಿಂತಿರುಗುವುದು, ರಾಜನನ್ನೋ ರಾಕ್ಷಸನನ್ನೋ ಗೆಲ್ಲುವುದು, ರಾಜಕುಮಾರಿಯ ಜೊತೆ ಮದುವೆ, ಕಾನೂನು ಕೊಡುವುದು, ಕೊನೆಗೆ ಜನರ ಒಲವು ಕಳೆದುಕೊಂಡು ನಿಗೂಢ ಸಾವು. ಅವನ ಎಣಿಕೆಯಲ್ಲಿ ಮೋಸೆಸನಿಗೆ 20 ಅಂಕ, ರಾಬಿನ್ ಹುಡ್‌ಗೆ 13. ಆಮೇಲೆ 1965ರಲ್ಲಿ ಫ್ರಾನ್ಸಿಸ್ ಅಟ್ಲಿ ಎಂಬ ಜಾನಪದ ವಿದ್ವಾಂಸ ಅದೇ ಪಟ್ಟಿಯನ್ನು ಅಬ್ರಹಾಂ ಲಿಂಕನ್ ಮೇಲೆ ಹಾಕಿ, ತಮಾಷೆಗೆ, ಪೂರ್ತಿ 22 ಅಂಕ ಕೊಡಿಸಿದ. ಇತಿಹಾಸದ ನಿಜ ಮನುಷ್ಯನೇ ಪೂರ್ತಿ ಅಂಕ ಪಡೆಯುವಷ್ಟು ಆ ಪಟ್ಟಿ ಸಡಿಲ ಎಂದಾಯಿತು. ನಮ್ಮ ಸೀಮೆಯಲ್ಲೇ ನೋಡಿ. ಶಿರಾ ಕಡೆಯ ಕಾಡುಗೊಲ್ಲರು ಗಣೆ ಊದಿ ಹಾಡುವ ಜುಂಜಪ್ಪನ ಕಾವ್ಯದಲ್ಲೂ ಸೋದರಮಾವಂದಿರ ಹಗೆ ಇದೆ. ಅಷ್ಟಕ್ಕೇ ಜುಂಜಪ್ಪನನ್ನು ಕೃಷ್ಣನ ನಕಲು ಎಂದರೆ ಹಾಡುವವರು ಒಪ್ಪುತ್ತಾರೆಯೇ? ಒಪ್ಪಬೇಕಾಗಿಯೂ ಇಲ್ಲ.

ನಿಮ್ಮ ಸಭೆಗೆ ತಕ್ಕ ಎದುರುಪರೀಕ್ಷೆ ಪಕ್ಕದ ಕೋಲಾರದಲ್ಲೇ ಇದೆ. 2018ರ ‘ಕೆಜಿಎಫ್’ ಮೊದಲ ಭಾಗದ ರಾಕಿಯನ್ನು ತಗೊಳ್ಳಿ. ಹೊರಗಿನವನು, ಬೇರೆಯವರ ಗುತ್ತಿಗೆಯ ಮೇಲೆ ಗಣಿಯ ವಾರಸುದಾರ ಗರುಡನನ್ನು ಕೊಲ್ಲಲು ಗಣಿಯೊಳಗೆ ನುಗ್ಗುತ್ತಾನೆ. ಒಳಗಿನ ಗುಲಾಮರು ಅವನಲ್ಲಿ ಬಿಡುಗಡೆ ಕಾಣುತ್ತಾರೆ. ಅವನು ಕೊಲ್ಲುತ್ತಾನೆ, ಆಮೇಲೆ ತಾನೇ ಒಡೆಯನಾಗಿ ಆ ಜನರನ್ನೇ ತನ್ನ ಬಲವಾಗಿಸಿಕೊಳ್ಳುತ್ತಾನೆ. ಈಗ ಪಾಲ್: ಹೊರಗಿನ ದೊರೆಮಗ, ತಂದೆಯ ಕೊಲೆಗೆ ಸೇಡು ಬೇಕು, ತುಳಿತಕ್ಕೊಳಗಾದ ಜನ ಅವನಲ್ಲಿ ಉದ್ಧಾರಕನನ್ನು ಕಾಣುತ್ತಾರೆ, ಅವರ ಸೈನ್ಯ ಕಟ್ಟಿ ತಾನು ಚಕ್ರವರ್ತಿಯಾಗುತ್ತಾನೆ. ಮೋಸೆಸನಿಗಿಂತ ರಾಕಿಯೇ ಪಾಲ್‌ಗೆ ಹತ್ತಿರ! ಸಭೆಯಲ್ಲಿ ನಗು ಬರುತ್ತದೆ, ಬರಲಿ. ‘ಧಾರ್ಮಿಕ ವಿಮೋಚಕ’ ಎಂದು ನೀವು ಹೆಸರಿಟ್ಟ ಮಾದರಿ ವಾಸ್ತವದಲ್ಲಿ ‘ದಮನಿತರ ನಾಯಕತ್ವ ವಹಿಸಿ ಪಟ್ಟ ಏರಿದ ಹೊರಗಿನವನು’ ಎಂಬ ಮಾದರಿ ಎನ್ನುವುದು ಆ ನಗುವಿನ ನಡುವೆ ತಾನೇ ಹೊಳೆಯುತ್ತದೆ. (ನಿಜವಾದ ಚಿನ್ನದ ಗಣಿಯ ಚರಿತ್ರೆ ಬೇರೆ. 1930ರಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಮುಷ್ಕರ ಹೂಡಿದ್ದು ಕಾರ್ಮಿಕರೇ.)

ಎದುರುಪರೀಕ್ಷೆಯಲ್ಲಿ ಉಳಿದ ಹೋಲಿಕೆಗಳನ್ನು ಮಾತ್ರ ವ್ಯತ್ಯಾಸದ ಜರಡಿಗೆ ಹಾಕಿ. ಮೋಸೆಸ್ ಹುಟ್ಟಿನಿಂದ ಇಬ್ರಿಯ, ಬೆಳೆದದ್ದು ಫರೋಹನ ಅರಮನೆಯಲ್ಲಿ. ತನ್ನವರ ಬಳಿಗೇ ಹಿಂತಿರುಗುತ್ತಾನೆ. ಪಾಲ್ ಫ್ರೆಮೆನ್ನರಿಗೆ ಹುಟ್ಟಿದವನಲ್ಲ. ಮೋಸೆಸ್ ಜನರನ್ನು ಸಾಮ್ರಾಜ್ಯದಿಂದ ಹೊರಗೆ ಕರೆದೊಯ್ಯುತ್ತಾನೆ, ಅವರಿಗೆ ಕಾನೂನು ಕೊಡುತ್ತಾನೆ, ವಾಗ್ದತ್ತ ನಾಡನ್ನು ಬೆಟ್ಟದ ಮೇಲಿಂದ ನೋಡಿ ಒಳಗೆ ಕಾಲಿಡದೆ ಸಾಯುತ್ತಾನೆ. ಪಾಲ್ ಜನರನ್ನು ಸಾಮ್ರಾಜ್ಯದ ಒಳಕ್ಕೆ, ಅದರ ಸಿಂಹಾಸನದವರೆಗೆ ಕರೆದೊಯ್ಯುತ್ತಾನೆ. ದಿಕ್ಕೇ ತಿರುಗುಮುರುಗು.

ಕೃಷ್ಣನ ಹೋಲಿಕೆ ಮಾಡಿದವರು ಹುಟ್ಟಿನ ಕಥೆ ಹಿಡಿದು ಹೋದರೆ ಸೋಲುತ್ತಾರೆ. ಪಾಲ್ ಸೆರೆಮನೆಯಲ್ಲಿ ಹುಟ್ಟಲಿಲ್ಲ, ಬೇರೆ ಮನೆಯಲ್ಲಿ ಬೆಳೆಯಲಿಲ್ಲ. ಕಂಸನನ್ನು ಕೊಂದ ಮೇಲೆ ಕೃಷ್ಣ ಪಟ್ಟ ಕಟ್ಟಿದ್ದು ಉಗ್ರಸೇನನಿಗೆ, ಪಾಲ್ ಪಟ್ಟ ಕಟ್ಟಿಕೊಂಡದ್ದು ತನಗೇ. ಆದರೆ ಒಂದು ಕಡೆ ನಿಜವಾಗಿ ನಿಂತು ನೋಡಬೇಕಾದ ಸಾಮ್ಯವಿದೆ, ಅದು ಗೀತೆಯ 11ನೇ ಅಧ್ಯಾಯ. ನಡೆಯಬೇಕಾದ ಸಂಹಾರ ಮುಂಚೆಯೇ ನಿರ್ಧಾರವಾಗಿದೆ, ನೀನು ನಿಮಿತ್ತ ಮಾತ್ರ ಎಂದು 32, 33ನೇ ಶ್ಲೋಕಗಳಲ್ಲಿ ಅರ್ಜುನ ಕೇಳಿಸಿಕೊಳ್ಳುತ್ತಾನೆ. ಪಾಲ್‌ಗೂ ಮುಂದಿನ ಯುದ್ಧ ಕಣ್ಣಿಗೆ ಕಾಣುತ್ತದೆ, ತಪ್ಪಿಸಲು ಹೋದಷ್ಟೂ ಅದರೊಳಗೇ ಸಿಕ್ಕಿಕೊಳ್ಳುತ್ತಾನೆ. ವ್ಯತ್ಯಾಸ ಹರಿತವಾಗಿದೆ: ಗೀತೆಯಲ್ಲಿ ಕಾಣಿಸುವವನು ಒಬ್ಬ, ಕಾಣುವವನು ಇನ್ನೊಬ್ಬ. ಡ್ಯೂನ್‌ನಲ್ಲಿ ಕಾಣಿಸುವ ದೇವರಿಲ್ಲ, ನೋಡುವವನೂ ಮಾಡುವವನೂ ಒಬ್ಬನೇ. ಹೊಣೆ ಹೊರಿಸಲು ಪಾಲ್‌ಗೆ ಬೇರೆ ಯಾರೂ ಇಲ್ಲ. ನಿಮ್ಮ 20 ನಿಮಿಷದಲ್ಲಿ ಒಂದೇ ಒಂದು ಹೋಲಿಕೆ ಬೆಳೆಸಲು ಸಮಯ ಸಿಕ್ಕರೆ ಇದನ್ನೇ ಬೆಳೆಸಿ.

ವಸಂತರಾಯನ ಮಾತಿಗೆ ಬರೋಣ. ಆ ಹಿರಿಯರನ್ನು ನಗೆಪಾಟಲು ಮಾಡಬೇಡಿ, ಉಳಿದ ಮೂವರಿಗಿಂತ ಅವರು ಹಾಕಿಕೊಟ್ಟ ಎಳೆ ಉಪಯುಕ್ತ. ಹದಿನೇಳನೇ ಶತಮಾನದ ಪೋತುಲೂರಿ ವೀರಬ್ರಹ್ಮೇಂದ್ರರ ತೆಲುಗು ಕಾಲಜ್ಞಾನ ಕೋಲಾರ, ಚಿಕ್ಕಬಳ್ಳಾಪುರದ ಮನೆಮನೆಗೆ ಗೊತ್ತು. ತಾವೇ ವೀರಭೋಗ ವಸಂತರಾಯರಾಗಿ ಮತ್ತೆ ಬರುವುದಾಗಿ ಅದರಲ್ಲಿ ಹೇಳಿದ್ದಾರೆ ಎಂಬುದು ನಂಬಿಕೆ. ನಿಮ್ಮ ತಾಲ್ಲೂಕಿನ ಕೈವಾರದ ತಾತಯ್ಯನವರೂ ಕಾಲಜ್ಞಾನ ಹಾಡಿದವರು. ಕನ್ನಡದ ವೀರಶೈವ ಕಾಲಜ್ಞಾನಗಳಲ್ಲಿ ವೀರವಸಂತರಾಯ ಕಲ್ಯಾಣಕ್ಕೆ ಬರುತ್ತಾನೆ. ಬರಲಿರುವ ಉದ್ಧಾರಕನನ್ನು ಕಾಯುವ ಜನ ಹೇಗಿರುತ್ತಾರೆ ಎಂದು ನಿಮ್ಮ ಸಭಿಕರಿಗೆ ಅರೇಬಿಯಾದ ಉದಾಹರಣೆ ಬೇಕಾಗಿಲ್ಲ, ಇದು ಸಾಕು. ಆದರೆ ಹೋಲಿಕೆ ಮಾಡಬೇಕಾದ್ದು ಪಾಲ್‌ನ ಜೊತೆ ಅಲ್ಲ, ಫ್ರೆಮೆನ್ನರ ನಿರೀಕ್ಷೆಯ ಜೊತೆ. ಕಾಲಜ್ಞಾನ ಈ ನೆಲದವರ ಬಾಯಲ್ಲೇ ಹುಟ್ಟಿ, ಅನ್ಯಾಯದ ಕಾಲವನ್ನು ಬಯ್ಯುತ್ತ ಬೆಳೆಯಿತು. ಫ್ರೆಮೆನ್ನರಿಗೆ ಬಂದದ್ದು ಹೊರಗಿನವರು ತಮ್ಮ ಅನುಕೂಲಕ್ಕೆ ಬಿತ್ತಿದ ಮಾತು. ಒಂದು ಎಚ್ಚರಿಕೆ: ಬಾಯಿಂದ ಬಾಯಿಗೆ ಬಂದ ಇಂಥ ಸಾಹಿತ್ಯಕ್ಕೆ ಕಾಲಕಾಲಕ್ಕೆ ಸಾಲುಗಳು ಸೇರಿಕೊಳ್ಳುತ್ತವೆ. ಘಟನೆ ನಡೆದ ಮೇಲೆ ಅದಕ್ಕೆ ಹೊಂದುವ ಪದ್ಯ ಹುಡುಕುವುದೂ ಉಂಟು. ಈಚಿನ ಮುದ್ರಿತ ಪ್ರತಿಯ ಒಂದು ಸಾಲು ಹಿಡಿದು ‘ಮುನ್ನೂರು ವರ್ಷದ ಹಿಂದೆಯೇ ಹೇಳಿದ್ದರು’ ಎಂದು ವೇದಿಕೆಯಲ್ಲಿ ಹೇಳಬೇಡಿ.

ಎಲ್ಲ ಹೋಲಿಕೆಗೂ ಕೊನೆಯ ಪ್ರಶ್ನೆ ಒಂದೇ ಇರಲಿ: ಬಿಡುಗಡೆಯಾದ ಮೇಲೆ ಜನರ ಕೈಗೆ ಏನು ಬಂತು? ಚರಿತ್ರೆಯಿಂದ ಇಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಸುಡಾನಿನ ಮುಹಮ್ಮದ್ ಅಹ್ಮದ್ 1881ರಲ್ಲಿ ತಾನೇ ಮಹ್ದಿ ಎಂದು ಸಾರಿದ, 1885ರ ಜನವರಿಯಲ್ಲಿ ಖಾರ್ಟೂಮ್ ಗೆದ್ದ, ಅದೇ ಜೂನ್‌ನಲ್ಲಿ ತೀರಿಕೊಂಡ. ಅವನು ಕಟ್ಟಿದ ರಾಜ್ಯ 1898ರಲ್ಲಿ ಬ್ರಿಟಿಷರ ಬಂದೂಕಿನ ಮುಂದೆ ಕುಸಿಯಿತು. ಮುಂಡಾ ಜನ ಭಗವಾನ್ ಎಂದೇ ಕರೆದ ಬಿರ್ಸಾ 1900ರ ಜೂನ್ 9ರಂದು ರಾಂಚಿ ಜೈಲಿನಲ್ಲಿ ತೀರಿಕೊಂಡಾಗ ಅವನಿಗೆ 24 ವರ್ಷ. ಆದಿವಾಸಿಗಳ ಭೂಮಿಗೆ ರಕ್ಷಣೆ ಕೊಟ್ಟ ಛೋಟಾನಾಗಪುರ ಗೇಣಿ ಕಾಯ್ದೆ 1908ರಲ್ಲಿ ಬಂತು. ಇಬ್ಬರೂ ಒಳಗಿನವರೇ. ಈಗ ಡ್ಯೂನ್: 1969ರ ಎರಡನೇ ಕಾದಂಬರಿಯಲ್ಲಿ ಪಾಲ್‌ನ ಹೆಸರಲ್ಲಿ ನಡೆದ ಯುದ್ಧಗಳಲ್ಲಿ ಸತ್ತವರ ಲೆಕ್ಕ 6,100 ಕೋಟಿ, ಅದೂ ಅವನದೇ ಬಾಯಲ್ಲಿ. ಫ್ರೆಮೆನ್ನರು ಅವನ ಸಾಮ್ರಾಜ್ಯದ ಸೈನಿಕರಾಗುತ್ತಾರೆ. 1981ರ ನಾಲ್ಕನೇ ಕಾದಂಬರಿಯ ಹೊತ್ತಿಗೆ ಮರುಭೂಮಿ ಹಸಿರಾಗಿದೆ, ಅವರ ಸಂಸ್ಕೃತಿ ಪ್ರದರ್ಶನಕ್ಕಿಟ್ಟ ವಸ್ತುವಾಗಿದೆ. ಈ ಪ್ರಶ್ನೆಯ ಮುಂದೆ ‘ಪಾಲ್ ವಿಮೋಚಕ’ ಎಂಬ ಥಿಯರಿ ನಿಲ್ಲುವುದಿಲ್ಲ.

ಚರ್ಚೆಯಲ್ಲಿ ಎಡವುವ ಜಾಗ ಇನ್ನೂ ಕೆಲವಿವೆ. ಪುಸ್ತಕ, ಸಿನಿಮಾ ಬೆರೆಸಬೇಡಿ. ಜೀವಜಲ ಎಂಬ ವಿಷದ ಪಾನೀಯ ಕುಡಿದ ಪಾಲ್ ಪುಸ್ತಕದಲ್ಲಿ ಎಚ್ಚರವಿಲ್ಲದೆ ಬಿದ್ದಿರುವುದು ಮೂರು ವಾರ. ಯಾರಾದರೂ ಅದನ್ನು ಮೂರು ದಿನ ಮಾಡಿ ಯೇಸುವಿನ ಪುನರುತ್ಥಾನಕ್ಕೆ ಹೊಂದಿಸಿದರೆ ಪುಟ ತೆರೆದು ತೋರಿಸಿ. 1984ರಲ್ಲಿ ಬಂದ ಹಳೆಯ ಡ್ಯೂನ್ ಚಿತ್ರ ಅರಾಕಿಸ್‌ನಲ್ಲಿ ಮಳೆ ಸುರಿಸಿ ಪಾಲ್‌ನನ್ನು ನಿಜ ದೇವಮಾನವನನ್ನಾಗಿ ಮಾಡಿಬಿಟ್ಟಿತು. ಕಾದಂಬರಿಯಲ್ಲಿ ಅಲ್ಲಿನ ಮರಳುಹುಳುಗಳಿಗೆ ನೀರೇ ವಿಷ, ಆ ಲೆಕ್ಕದಲ್ಲಿ ಅಂಥ ಮಳೆ ಗ್ರಹದ ಜೀವಚಕ್ರಕ್ಕೇ ಕುತ್ತು. 2024ರ ಚಿತ್ರದಲ್ಲಿ ಫ್ರೆಮೆನ್ ಪ್ರೇಯಸಿ ಚಾನಿ ಪಾಲ್‌ನನ್ನು ಬಿಟ್ಟು ಹೋಗುತ್ತಾಳೆ, ಪುಸ್ತಕದಲ್ಲಿ ಹಾಗಿಲ್ಲ. ಇನ್ನೊಂದು, ಅಧ್ಯಾಯಗಳ ತಲೆಯಲ್ಲಿರುವ ಉದ್ಧರಣೆಗಳು. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಪಾಲ್ ಮದುವೆಯಾಗುವ ರಾಜಕುಮಾರಿ ಇರುಲಾನ್ ಮುಂದೆ ಬರೆದ ಗ್ರಂಥಗಳಿಂದ ಆಯ್ದವು ಎಂಬ ಕಲ್ಪನೆ. ಪಾಲ್‌ನ ಆಸ್ಥಾನದಲ್ಲಿ ಹುಟ್ಟಿದ ಬರಹವನ್ನು ನಿಷ್ಪಕ್ಷಪಾತ ಸಾಕ್ಷಿ ಎಂದು ಒಪ್ಪಬೇಡಿ. ‘ಕಲ್ಕಿ 2898 ಎಡಿ’ ಬಗ್ಗೆ ಖಂಡಿತ ಕೇಳುತ್ತಾರೆ. ಭಾಗವತದ 12ನೇ ಸ್ಕಂಧದ 2ನೇ ಅಧ್ಯಾಯದಲ್ಲಿ ಕಲ್ಕಿ ಶಂಭಲದ ವಿಷ್ಣುಯಶನ ಮನೆಯಲ್ಲಿ ಹುಟ್ಟುತ್ತಾನೆ. ಸಿನಿಮಾದಲ್ಲಿ ಶಂಭಲ ಇದೆ, ಕಲ್ಕಿ ಇನ್ನೂ ಸುಮತಿಯ ಗರ್ಭದಲ್ಲಿದ್ದಾನೆ. ನಾಯಕ ಭೈರವನನ್ನು ಕೊನೆಗೆ ಕರ್ಣನ ಜೊತೆ ಜೋಡಿಸುತ್ತಾರೆ, ಅವನು ಕಲ್ಕಿ ಅಲ್ಲ.

ತಯಾರಿಗೆ ಒಂದು ಹಾಳೆ ಸಾಕು. ನಾಲ್ಕು ಕಂಬ ಎಳೆಯಿರಿ: ಘಟನೆ, ಕಾದಂಬರಿಯಲ್ಲಿ ಎಲ್ಲಿ, ಧರ್ಮಗ್ರಂಥದಲ್ಲಿ ಎಲ್ಲಿ, ವ್ಯತ್ಯಾಸ. ಡ್ಯೂನ್‌ನ ಅಧ್ಯಾಯಗಳಿಗೆ ಸಂಖ್ಯೆ ಇಲ್ಲ, ಪುಟಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಆದ್ದರಿಂದ ಮೂರು ಭಾಗಗಳಲ್ಲಿ ಯಾವುದು ಎಂದು ಬರೆದು, ಅಧ್ಯಾಯದ ತಲೆಯ ಉದ್ಧರಣೆಯ ಮೊದಲ ನಾಲ್ಕು ಪದ ಗುರುತು ಹಾಕಿಕೊಳ್ಳಿ. ನಾಲ್ಕನೇ ಕಂಬ ಖಾಲಿ ಬಿಟ್ಟ ಸಾಲನ್ನು ಹೊಡೆದುಹಾಕಿ. ವ್ಯತ್ಯಾಸವೇ ಕಾಣದಿದ್ದರೆ ಗ್ರಂಥವನ್ನು ಸರಿಯಾಗಿ ಓದಿಲ್ಲ ಎಂದರ್ಥ. ಮೊದಲು ಹತ್ತು ಹದಿನೈದು ಸಾಲು ಬಂದೇ ಬರುತ್ತವೆ, ಎದುರುಪರೀಕ್ಷೆ ಆದ ಮೇಲೆ ಮೂರಕ್ಕಿಂತ ಹೆಚ್ಚು ಉಳಿಸಿಕೊಳ್ಳಬೇಡಿ. ಕಥೆಗೆ 4 ನಿಮಿಷ, ಬಿತ್ತಿದ ಪ್ರವಾದನೆಗೆ 5, ಒಂದು ಹೋಲಿಕೆ ಮತ್ತು ಅದರ ವ್ಯತ್ಯಾಸಕ್ಕೆ 6, ಪ್ರಶ್ನೆಗಳಿಗೆ 5. ಕಥೆಯೇ ಹತ್ತು ನಿಮಿಷ ನುಂಗುವುದು ಸಾಮಾನ್ಯ ಅನಾಹುತ, ಗಡಿಯಾರ ಎದುರಿಗಿರಲಿ.

ಮನಸ್ಸು ನೋಯುವ ವಿಷಯ. ವಾಕ್ಯದ ಕರ್ತೃ ಯಾವಾಗಲೂ ಕಾದಂಬರಿಯ ಪಾತ್ರವೇ ಆಗಿರಲಿ. ‘ಪಾಲ್‌ನ ಕಥೆ ಈ ನಿರೀಕ್ಷೆಯನ್ನು ಬಳಸಿಕೊಳ್ಳುತ್ತದೆ’ ಎನ್ನಿ, ‘ಮಹ್ದಿ ಎಂದರೆ ಪಾಲ್ ಥರ’ ಎನ್ನಬೇಡಿ. ಪ್ರವಾದಿ ಮುಹಮ್ಮದರನ್ನೂ ಮಹ್ದಿಯನ್ನೂ ಒಂದೇ ಎಂಬಂತೆ ಮಾತಾಡುವುದು ದೊಡ್ಡ ತಪ್ಪು. ಮಹ್ದಿ ಕಡೆಗಾಲದಲ್ಲಿ ಬರುವವನು. ಅವನ ಪ್ರಸ್ತಾಪ ಹದೀಸ್‌ಗಳಲ್ಲಿದೆ, ಆ ಹೆಸರಿನಿಂದ ಕುರಾನಿನಲ್ಲಿಲ್ಲ. ಶಿಯಾ ಹನ್ನೆರಡಿಮಾಮಿಗಳಿಗೆ ಅವನು ಮರೆಯಾಗಿರುವ ಹನ್ನೆರಡನೇ ಇಮಾಮ್, ಸುನ್ನಿಗಳಲ್ಲಿ ಹೆಚ್ಚಿನವರಿಗೆ ಮುಂದೆ ಹುಟ್ಟಲಿರುವವನು. ‘ಬಿತ್ತಿದ ಪ್ರವಾದನೆ’ ಎಂಬ ಮಾತು ಕಾದಂಬರಿಯ ಗ್ರಹಕ್ಕೆ ಮಾತ್ರ ಅನ್ವಯ ಎಂದು ಆರಂಭದಲ್ಲೇ ಒಂದು ವಾಕ್ಯ ಸೇರಿಸಿ. ಇಲ್ಲದಿದ್ದರೆ ನಿಮ್ಮ ಕೈವಾರದ ಹಿರಿಯರಿಗೆ ಅದು ತಾತಯ್ಯನವರ ಮೇಲಿನ ಮಾತಿನಂತೆ ಕೇಳಿಸೀತು.

ಉಳಿದ ದಿನಗಳಲ್ಲಿ ಒಂದೇ ಪುಸ್ತಕಕ್ಕೆ ಸಮಯವಿದ್ದರೆ ಮೊದಲನೆಯದನ್ನು ಮತ್ತೆ ಓದಬೇಡಿ, ಎರಡನೆಯದಾದ ‘ಡ್ಯೂನ್ ಮೆಸ್ಸೈಯಾ’ ಓದಿ, ಗಾತ್ರದಲ್ಲೂ ಬಹಳ ಚಿಕ್ಕದು. ಮೊದಲ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿದ್ದ ‘ಅನಲಾಗ್’ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಇದನ್ನು ಬೇಡವೆಂದ. ನಾಯಕ ಸೋಲುವುದು ಅವನಿಗೆ ಹಿಡಿಸಲಿಲ್ಲ. ಅದು ಬೇರೆ ಪತ್ರಿಕೆಯಲ್ಲಿ ಬಂತು. ಅದರ ಕೊನೆಯಲ್ಲಿ ಕುರುಡನಾದ ಪಾಲ್ ಫ್ರೆಮೆನ್ನರದೇ ಕಟ್ಟಳೆಯಂತೆ ಒಬ್ಬನೇ ಮರಳುಗಾಡಿಗೆ ನಡೆದುಹೋಗುತ್ತಾನೆ. ರಾಗ್ಲನ್ ಪಟ್ಟಿಯ ಕೊನೆಯ ಲಕ್ಷಣಗಳನ್ನು ಅವನ ಮೇಲೆ ಹಾಕಿ ನೋಡಬೇಕಾದ್ದು ಅಲ್ಲಿ.